ಆಕಾಶದ ಕಲ್ಲಿನೊಳಗಣ ಹರಳುಗಳು

ತುಪ್ಪವು ಮೆಲ್ಲಮೆಲ್ಲನೆ ಆರಿದರೆ ಮರಳುಮರಳಾಗಿ ಹೆಪ್ಪುಗಟ್ಟುವುದೆಂದೂ, ಥಟ್ಟನೆ ತಣ್ಣಗಾದರೆ ನುಣುಪಾಗಿ ನಿಲ್ಲುವುದೆಂದೂ ನಮ್ಮ ಗೃಹಿಣಿಯರೆಲ್ಲರೂ ಬಲ್ಲರು. ಪದಾರ್ಥ ಒಂದೇ, ಆರಿದ ಬಗೆ ಬೇರೆ. ಕರಗಿದ ಶಿಲೆಯ ನಡತೆಯೂ ಇಂಥದೇ ಆದುದರಿಂದ, ಉಲ್ಕಾಶಿಲೆಯ ಹರಳುಗಳನ್ನು ನೋಡಿ ಅದರ ಪೂರ್ವವೃತ್ತಾಂತವನ್ನು ಹೇಳಬಹುದಾಗಿದೆ.

ವರಾಹಮಿಹಿರಾಚಾರ್ಯರು ಬೃಹತ್ಸಂಹಿತೆಯಲ್ಲಿ ಉಲ್ಕೆಗಳನ್ನು ಐದು ಬಗೆಯಾಗಿ ವಿಂಗಡಿಸಿದ್ದಾರಷ್ಟೆ. ಅದು ಆಕಾಶದಲ್ಲಿ ಕಂಡ ರೂಪದ ವಿಚಾರ. ಬಿದ್ದ ಕಲ್ಲಿನ ಒಡಲನ್ನು ನೋಡುವುದಕ್ಕೆ ಸೂಕ್ಷ್ಮದರ್ಶಕ ಯಂತ್ರವು ಬೇಕಾಯಿತು. ಇಂಗ್ಲೆಂಡಿನ ಷೆಫೀಲ್ಡ್ ನಗರದ ಹೆನ್ರಿ ಕ್ಲಿಫ್ಟನ್ ಸಾರ್ಬಿ ಎಂಬ ವಿದ್ವಾಂಸರು ಕಲ್ಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ತೇದು ಪರೀಕ್ಷಿಸಿದರು. ಒಳಗೆ ಸಾಸಿವೆಯಷ್ಟು, ಅದಕ್ಕಿಂತಲೂ ಚಿಕ್ಕದಾದ ಉರುಟು ಕಾಳುಗಳು! ಇವು ಒಂದು ಕಾಲಕ್ಕೆ ಬೆಂಕಿಮಳೆಯ ಹನಿಗಳಂತೆ ಕರಗಿದ್ದುವೆಂದು 1877ರಲ್ಲಿ ಅವರು ತಿಳಿಸಿದರು. ಇವಕ್ಕೆ ಕಾಂಡ್ರೂಲ್ ಎಂದು ಹೆಸರು. ವಯಸ್ಸು ಸುಮಾರು 456 ಕೋಟಿ ವರ್ಷ. ನಮ್ಮ ಭೂಮಿಯು ಪೂರ್ಣವಾಗಿ ರೂಪುಗೊಳ್ಳುವುದಕ್ಕೂ ಹಿಂದಿನವು.

ಕೆಲವು ಕಾಳುಗಳಲ್ಲಿ ಒಲಿವೀನ್ ಎಂಬ ಖನಿಜವು ಕಿಟಕಿಯ ಸರಳುಗಳ ಹಾಗೆ ಸಾಲಾಗಿ ನಿಂತಿದೆ. ಕೆಲವುಗಳಲ್ಲಿ ಪೈರಾಕ್ಸೀನ್ ಎಳೆಗಳು ಅಂಚಿನ ಒಂದು ಬಿಂದುವಿನಿಂದ ಬೀಸಣಿಗೆಯಂತೆ ಹರಡಿವೆ. ಬಹುಪಾಲು ಕಾಳುಗಳಲ್ಲಾದರೋ ಬಿಡಿಬಿಡಿ ಹರಳುಗಳು ಗಾಜಿನಂಥ ವಸ್ತುವಿನಲ್ಲಿ ಹುದುಗಿವೆ. ಈ ಭೇದಕ್ಕೆ ಕಾರಣವೇನು? ಕಲ್ಲುಸಕ್ಕರೆ ಮಾಡುವವರು ಪಾಕದಲ್ಲಿ ದಾರವನ್ನು ಇಳಿಬಿಡುವುದೇತಕ್ಕೆ? ಹರಳು ಹುಟ್ಟುವುದಕ್ಕೆ ಆಸರೆ ಬೇಕು. ಹನಿಯು ಪೂರ್ತಿ ಕರಗದೆ ಹಳೆಯ ಕಣಗಳು ಅನೇಕವಾಗಿ ಉಳಿದಿದ್ದರೆ, ಒಂದೊಂದರ ಸುತ್ತಲೂ ಬೇರೆಬೇರೆಯಾಗಿ ಹರಳು ಬೆಳೆಯುತ್ತದೆ. ಕಣಗಳು ಹೆಚ್ಚುಕಡಮೆ ಎಲ್ಲವೂ ಕರಗಿದ್ದರೆ ಸರಳುಗಳಾಗುತ್ತವೆ. ಆಸರೆಯೇ ಇಲ್ಲದಿದ್ದರೆ, ದ್ರವವು ಗಟ್ಟಿಯಾಗತಕ್ಕ ಉಷ್ಣತೆಗಿಂತ ಬಹಳ ಕೆಳಗಿಳಿದೂ ದ್ರವವಾಗಿಯೇ ಇದ್ದು, ಕಡೆಗೆ ಎಲ್ಲಿಯೋ ಒಂದೆಡೆ ಹರಳು ಹುಟ್ಟಿದೊಡನೆ ಎಳೆಗಳಾಗಿ ಹಾಯ್ದುಬಿಡುತ್ತದೆ.

ಪ್ರಯೋಗಶಾಲೆಯ ಕುಲುಮೆಗಳಲ್ಲಿ ಇಂಥ ಶಿಲಾದ್ರವವನ್ನು ಆರಿಸಿ ನೋಡಿದ್ದಾರೆ. ಗಂಟೆಗೆ ಸುಮಾರು 10ರಿಂದ 1000 ಡಿಗ್ರಿಯಂತೆ ತಣಿಸಿದಾಗ ಇವೇ ವಿನ್ಯಾಸಗಳು ಮೂಡಿದುವು. ನಮಗೆ ಎಲ್ಲಕ್ಕಿಂತ ವಿಸ್ಮಯಕರವಾಗಿ ತೋರುವುದು ಇದೇ. ಶೂನ್ಯದಲ್ಲಿ ಒಂಟಿಯಾಗಿ ತೇಲುವ ಅಷ್ಟು ಪುಟ್ಟ ಹನಿಯು ಕ್ಷಣಮಾತ್ರದಲ್ಲಿ ಆರಿಹೋಗಬೇಕಾಗಿತ್ತು. ಗಂಟೆಗಟ್ಟಲೆ ಬಿಸಿಯನ್ನು ಹಿಡಿದಿತ್ತೆಂದರೆ, ಸುತ್ತಲೂ ಅಂಥ ಹನಿಗಳ ಮತ್ತು ಕಾದ ಅನಿಲದ ಮುಗಿಲೇ ಇದ್ದಿರಬೇಕು. ಕಾಯಿಸಿದ ಒಲೆ ಯಾವುದು? ಅನಿಲದಲ್ಲಿ ಹಾಯ್ದ ಆಘಾತದ ಅಲೆಯೆಂದು ಕೆಲವರು, ಎಳೆಯ ಗ್ರಹಪಿಂಡಗಳ ಡಿಕ್ಕಿಯೆಂದು ಕೆಲವರು. ಸಿಡಿಲೆಂಬ ವಾದವೂ ಉಂಟು. ವಿವಾದವಿನ್ನೂ ತೀರಿಲ್ಲ.

ಈ ಬರಹವು ಅಳಿಸಿಹೋಗುವುದೂ ಉಂಟು. ತಾನಿದ್ದ ಮೂಲಪಿಂಡದೊಳಗೆ ಕಲ್ಲು ಮತ್ತೆ ಬೆಂದಿತೆಂದರೆ ಗಾಜೂ ಹರಳಾಗಿ, ಕಾಳಿನ ಅಂಚು ಮಸುಕಾಗುತ್ತದೆ. ನಮ್ಮ ದೇಶದ ಸೆಮರ್ಕೋನ ಎಂಬಲ್ಲಿ 1940ರಲ್ಲಿ ಬಿದ್ದ ಕಲ್ಲು ಹಾಗೆ ಬೇಯದೆ ಉಳಿದವುಗಳಲ್ಲಿ ಅಗ್ರಗಣ್ಯವಾದುದು. ದೇಶದೇಶಗಳ ವಿದ್ವಾಂಸರು ಅದರ ಚೂರುಗಳನ್ನು ಇಂದಿಗೂ ಯಂತ್ರದ ಕೆಳಗಿಟ್ಟು ನೋಡುತ್ತಿದ್ದಾರೆ.