ಊರ ಮನೆಯ ಹೆಂಚು ಬದಲಿಸುವ ಮುನ್ನ

ವಿಶಾಖಪಟ್ಟಣ ಹಾಗೂ ವಿಜಯವಾಡಗಳಲ್ಲಿ ನೆಲೆನಿಂತಿರುವ ನಮ್ಮಲ್ಲಿ ಹಲವರ ಹಿರಿಯರು ಕರಾವಳಿ, ಮಲೆನಾಡುಗಳಿಂದ ಬಂದವರು. ಹೋಟೆಲು ಉದ್ಯಮ, ಬ್ಯಾಂಕಿನ ನೌಕರಿ, ಉಕ್ಕಿನ ಕಾರ್ಖಾನೆ, ಬಂದರು ಮೊದಲಾದವು ಅವರನ್ನು ಇಲ್ಲಿಗೆ ಕರೆತಂದವು. ನಿವೃತ್ತಿಯ ಹೊಸ್ತಿಲಲ್ಲಿರುವ ಇಂದಿನ ತಲೆಮಾರಿನಲ್ಲಿ ಊರ ಹಳೆಯ ಮನೆಯನ್ನು ದುರಸ್ತಿಮಾಡಿಸಿ, ಎರಡೆಕರೆ ತೋಟವೆಬ್ಬಿಸಬೇಕೆಂಬ ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ಈ ಹಂಬಲ ಸಹಜವಾದುದು. ಆದರೆ ಅದು ಕೈಗೂಡುವುದೂ ಕೆಡುವುದೂ ಹಣಕ್ಕಿಂತ ಹೆಚ್ಚಾಗಿ ಹಕ್ಕುಪತ್ರಗಳನ್ನೂ ಒಡಹುಟ್ಟಿದವರ ಒಮ್ಮತವನ್ನೂ ಅವಲಂಬಿಸಿದೆ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಕಾನೂನಿನ ಮಾತು. ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ಕೃಷಿಕರಲ್ಲದವರಿಗೂ ನಿಗದಿತ ಮಿತಿಗಿಂತ ಹೆಚ್ಚು ಕೃಷಿಯೇತರ ಆದಾಯವುಳ್ಳವರಿಗೂ ಜಮೀನು ಕೊಳ್ಳಲು ತಡೆಯಾಗಿದ್ದವು. ಆ ಆದಾಯಮಿತಿ 2015ರಲ್ಲಿ 25 ಲಕ್ಷ ರೂಪಾಯಿಗಳಿಗೆ ಏರಿತು. 2020ರ ತಿದ್ದುಪಡಿಯಲ್ಲಿ ಆ ಕಲಮುಗಳೇ ರದ್ದಾದವು. ಹೀಗೆ ಪರರಾಜ್ಯದಲ್ಲಿ ದುಡಿದವನಿಗೂ ಬಾಗಿಲು ತೆರೆಯಿತು. ಆಂಧ್ರದಲ್ಲಿ ಅಂತಹ ತಡೆ ಇಲ್ಲ. ಆದರೆ ವಿಶಾಖಪಟ್ಟಣದ ನಮ್ಮವರನ್ನು ಸೆಳೆಯುವ ಅರಕು, ಪಾಡೇರು ಪ್ರದೇಶಗಳು, ಅಂದರೆ 2022ರಲ್ಲಿ ರಚನೆಯಾದ ಅಲ್ಲೂರಿ ಸೀತಾರಾಮರಾಜು ಜಿಲ್ಲೆಯ ಏಜೆನ್ಸಿ ಭಾಗ, ಬೇರೆಯೇ ಕಾನೂನಿಗೆ ಒಳಪಟ್ಟಿವೆ. 1959ರ ನಿಯಂತ್ರಣ ಮತ್ತು ಅದರ 1970ರ ತಿದ್ದುಪಡಿಯ ಪ್ರಕಾರ ಅಲ್ಲಿ ಗಿರಿಜನರಲ್ಲದವರಿಗೆ ಭೂಮಿ ವರ್ಗಾವಣೆ ಅಸಿಂಧು. ಯಾರದೋ ಹೆಸರಿನಲ್ಲಿ ಕೊಂಡಿಡುವ ದಾರಿಯನ್ನು ಯಾರಾದರೂ ತೋರಿಸಿದರೆ ಅತ್ತ ಸುಳಿಯದಿರುವುದೇ ವಿವೇಕ.

ಆದ್ದರಿಂದ ಪಿತ್ರಾರ್ಜಿತ ಮನೆಯತ್ತ ಮನಸ್ಸು ಹೊರಳುವುದು ಸಹಜ. ತೊಡಕು ಆರಂಭವಾಗುವುದೂ ಇಲ್ಲಿಯೇ. ಪಹಣಿಯಲ್ಲಿ ಇಂದಿಗೂ ತೀರಿಹೋದ ಅಜ್ಜನ ಹೆಸರಿರುವ ಜಮೀನುಗಳು ಕರ್ನಾಟಕದಲ್ಲಿ ಲಕ್ಷಾಂತರ. ಇದನ್ನು ಸರಿಪಡಿಸಲೆಂದೇ ಅಲ್ಲಿನ ಕಂದಾಯ ಇಲಾಖೆ 2025ರಲ್ಲಿ ಇ-ಪೌತಿ ಆಂದೋಲನವನ್ನು ಕೈಗೊಂಡಿತು. ಖಾತೆ ಬದಲಾವಣೆಯೊಂದೇ ಸಾಲದು, ಪಾಲುಗಳೂ ನಿರ್ಣಯವಾಗಬೇಕು. ಕರ್ನಾಟಕವು 1994ರಲ್ಲಿಯೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ನೀಡಿತ್ತು. 2005ರ ಕೇಂದ್ರ ತಿದ್ದುಪಡಿ ಅದನ್ನು ವಿಸ್ತರಿಸಿತು. ಆ ದಿನ ತಂದೆ ಬದುಕಿರಬೇಕೆಂಬ ನಿರ್ಬಂಧವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು. ಅಕ್ಕತಂಗಿಯರನ್ನು ಕೇಳದೆ ಅಣ್ಣತಮ್ಮಂದಿರಷ್ಟೇ ಕುಳಿತು ಮಾಡಿದ ಹಂಚಿಕೆ ನಾಳೆ ನ್ಯಾಯಾಲಯದ ಮೆಟ್ಟಿಲೇರಬಹುದು. ಅದಕ್ಕೂ ಮಿಗಿಲಾಗಿ, ಅದೇ ಮನೆಯಲ್ಲಿ ಹುಟ್ಟಿ ಬೆಳೆದವರನ್ನು ಕೇಳದಿರುವುದು ನ್ಯಾಯವೂ ಅಲ್ಲ.

ಪಾಲು ತೀರ್ಮಾನವಾಗದ ಮನೆಗೆ ಯಾರೂ ಕೈಯಿಂದ ಹಣ ಹಾಕುವುದಿಲ್ಲ. ಒಂದು ಹೆಂಚು ಒಡೆದರೆ ಮಳೆನೀರು ಪಕ್ಕಾಸಿಗೆ ಇಳಿಯುತ್ತದೆ, ಗೆದ್ದಲು ಹತ್ತುತ್ತದೆ, ಕೆಲವು ಮಳೆಗಾಲಗಳಲ್ಲಿ ಮಾಡು ಕುಸಿಯುತ್ತದೆ. ದುರಸ್ತಿಗೆ ಇಳಿದವರೂ ಅವಸರಪಡಬಾರದು. ಮಣ್ಣಿನ ಗೋಡೆಗೆ, ಸುಣ್ಣದ ಗಾರೆಗೆ ಸಿಮೆಂಟು ಬಳಿದರೆ ತೇವ ಹೊರಹೋಗಲಾರದೆ ಗೋಡೆಯೇ ಶಿಥಿಲವಾಗುತ್ತದೆ. ಮಾಡು, ನೀರು ಹರಿಯುವ ದಾರಿ, ಆಮೇಲೆ ಗೋಡೆ, ಕೊನೆಗೆ ಅಲಂಕಾರ; ಕೆಲಸದ ಕ್ರಮ ಇದಾಗಿರಲಿ.

ತೋಟದ ಲೆಕ್ಕ ಇನ್ನೂ ಕಠಿಣ. ಅಡಿಕೆ ಸಸಿ ಫಲ ಕೊಡಲು ಐದಾರು ವರ್ಷ ಬೇಕು. ಮಳೆಗಾಲದಲ್ಲಿ ಕೊಳೆರೋಗ ತಡೆಯಲು ಬೋರ್ಡೋ ದ್ರಾವಣ ಸಿಂಪಡಿಸಬೇಕು. ಸುಳ್ಯ, ಶೃಂಗೇರಿ, ಕೊಪ್ಪ ಭಾಗಗಳಲ್ಲಿ ಹಳದಿ ಎಲೆ ರೋಗವೂ ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ತೋಟಗಳನ್ನು ಬಾಧಿಸಿವೆ. ಮರವೇರುವವರು ವಿರಳ. ದೂರದಲ್ಲಿ ಕುಳಿತು ಗೇಣಿಗೆ ಕೊಡೋಣವೆಂದರೆ, 1974ರ ಭೂಸುಧಾರಣೆಯ ನಂತರ ಕರ್ನಾಟಕದಲ್ಲಿ ಕೃಷಿಭೂಮಿಯ ಗೇಣಿ ಸಾಮಾನ್ಯವಾಗಿ ನಿಷಿದ್ಧ. ಆಂಧ್ರದಲ್ಲಾದರೋ 2019ರ ಕಾಯ್ದೆಯಂತೆ ಹನ್ನೊಂದು ತಿಂಗಳ ಒಪ್ಪಂದದಲ್ಲಿ ಸಾಗುವಳಿದಾರನಿಗೆ ಕಾರ್ಡು ದೊರೆಯುತ್ತದೆ, ಮಾಲೀಕನ ಹಕ್ಕಿಗೂ ಚ್ಯುತಿಯಿಲ್ಲ. ಆದ್ದರಿಂದ ಊರಿನ ತೋಟಕ್ಕೆ ಮನೆಯವರಲ್ಲಿ ಒಬ್ಬರಾದರೂ ವರ್ಷದ ಬಹುಭಾಗ ಅಲ್ಲಿರಲೇಬೇಕು.

ಕೃಷಿಯ ಅನುಭವಕ್ಕಷ್ಟೇ ಹಂಬಲಿಸುವವರಿಗೆ ಇಲ್ಲಿಯೇ ಕಲಿಕೆಯ ಅವಕಾಶವಿದೆ. ಆಂಧ್ರ ಸರ್ಕಾರದ ರೈತು ಸಾಧಿಕಾರ ಸಂಸ್ಥೆ 2016ರಿಂದ ನಡೆಸುತ್ತಿರುವ ಸಹಜ ಕೃಷಿ ಕಾರ್ಯಕ್ರಮ 2024ರಲ್ಲಿ ಗುಲ್ಬೆಂಕಿಯನ್ ಪ್ರಶಸ್ತಿಯ ಗೌರವವನ್ನು ಹಂಚಿಕೊಂಡಿತು. ವಿಜಯವಾಡದ ಸುತ್ತ ಜಮೀನು ನೋಡುವವರು ಮಾತ್ರ 2024ರ ಸೆಪ್ಟೆಂಬರಿನ ಬುಡಮೇರು ಪ್ರವಾಹವನ್ನು ಮರೆಯದೆ ನೆಲದ ಎತ್ತರವನ್ನು ವಿಚಾರಿಸಬೇಕು.

ಬರುವ ಬೇಸಿಗೆ ರಜೆಯಲ್ಲಿ ಊರಿಗೆ ಹೋಗುವವರಲ್ಲಿ ನಮ್ಮ ವಿನಂತಿ ಇಷ್ಟೆ. ಗಾರೆಯವರನ್ನು ಕರೆಸುವ ಮೊದಲು ಒಡಹುಟ್ಟಿದವರೆಲ್ಲರನ್ನೂ ಜಗಲಿಯಲ್ಲಿ ಕೂರಿಸಿ, ಮನೆ ಯಾರಿಗೆ, ಖರ್ಚು ಯಾರದು, ಅಲ್ಲಿ ಇರುವವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಪಡೆದು ನೋಂದಾಯಿಸಿಕೊಳ್ಳಿರಿ. ಉಳಿಸಿಕೊಳ್ಳಲಾಗದೆಂಬ ನಿರ್ಧಾರ ಬಂದರೆ, ಊರಿನಲ್ಲಿ ಉಳಿದು ದುಡಿಯುತ್ತಿರುವ ದಾಯಾದಿಗೆ ನ್ಯಾಯವಾದ ಬೆಲೆಗೆ ಬಿಟ್ಟುಕೊಡುವುದೂ ಮನೆಯನ್ನು ಉಳಿಸುವ ಒಂದು ಮಾರ್ಗವೇ.