ಎರಡು ಕಾರ್ಡ್, ಒಂದು ನಿಮಿಷ

ಆಸೆಪಟ್ಟು ತಂದ ಗಿಟಾರ್ ತಿಂಗಳೊಳಗೆ ಬೀರುವಿನ ಮೇಲೆ ಸೇರೋದು ಎಷ್ಟೋ ಮನೆಗಳ ಕಥೆ. ಬೆರಳು ಉರಿಯುತ್ತೆ, ಹಾಡು ಬರಲ್ಲ, ‘ಇದು ನನ್ನ ಕೈಗೆ ಹತ್ತೋ ವಿದ್ಯೆ ಅಲ್ಲ’ ಅಂತ ತೀರ್ಮಾನವಾಗಿಬಿಡುತ್ತೆ. ಆದ್ರೆ ಕಾರ್ಡ್ ಹಿಡಿಯೋದು ಅಷ್ಟೇನೂ ಕಷ್ಟ ಅಲ್ಲ. ಒಂದು ಕಾರ್ಡಿನಿಂದ ಇನ್ನೊಂದಕ್ಕೆ ತಾಳ ತಪ್ಪದೆ ಹೋಗೋದೇ ಕಷ್ಟ. ಅಭ್ಯಾಸ ಮಾಡಬೇಕಾದ್ದೂ ಅದನ್ನೇ.

ಕಾರ್ಡ್ ಅಂದ್ರೆ ಕೆಲವು ಸ್ವರಗಳನ್ನು ಒಟ್ಟಿಗೆ ನುಡಿಸೋದು. ಶಂಕರಾಭರಣದ ಸ, ಗ, ಪ ಮೂರನ್ನೂ ಒಟ್ಟಿಗೆ ನುಡಿಸಿ, ಅದು ಮೇಜರ್ ಕಾರ್ಡ್. ಗಾಂಧಾರವನ್ನು ಮಾತ್ರ ಅರ್ಧ ಸ್ವರ, ಅಂದ್ರೆ ಒಂದು ಫ್ರೆಟ್, ಇಳಿಸಿದ್ರೆ ಮೈನರ್. ಖರಹರಪ್ರಿಯದಲ್ಲಿ ಬರೋದು ಇದೇ ಗಾಂಧಾರ.

ಮೊಬೈಲಿನ ಟ್ಯೂನರ್ ಆ್ಯಪ್ ಇಟ್ಟುಕೊಂಡು ಮೊದಲು ಶ್ರುತಿ ಮಾಡಿ. ದಪ್ಪ ತಂತಿಯಿಂದ ಸಣ್ಣದರ ಕಡೆಗೆ ಇ, ಎ, ಡಿ, ಜಿ, ಬಿ, ಇ. ಎಣಿಕೆ ಮಾತ್ರ ತಿರುಗು ಮುರುಗು: ಎಲ್ಲಕ್ಕಿಂತ ಸಣ್ಣದೇ 1ನೇ ತಂತಿ.

ಈಗ 5ನೇ ತಂತಿಯ 2ನೇ ಫ್ರೆಟ್ಟಿಗೆ ಮಧ್ಯದ ಬೆರಳು, 4ನೇ ತಂತಿಯ 2ನೇ ಫ್ರೆಟ್ಟಿಗೆ ಉಂಗುರದ ಬೆರಳು ಇಡಿ. ಆರೂ ತಂತಿ ಮೀಟಿದ್ರೆ ಇ ಮೈನರ್. 3ನೇ ತಂತಿಯ 1ನೇ ಫ್ರೆಟ್ಟಿಗೆ ತೋರುಬೆರಳು ಸೇರಿಸಿ, ಇ ಮೇಜರ್ ಆಯ್ತು. ಒಂದೇ ಬೆರಳಿಗೆ ಭಾವ ಪೂರ್ತಿ ಬದಲಾಗೋದು ಕಿವಿಗೇ ಗೊತ್ತಾಗುತ್ತೆ. ಮೂರೂ ಬೆರಳನ್ನು ಹಾಗೇ ಒಂದೊಂದು ತಂತಿ ಕೆಳಕ್ಕೆ ಸರಿಸಿ, 5ನೇ ತಂತಿಯಿಂದ ಮೀಟಿದ್ರೆ ಎ ಮೈನರ್. ಅಲ್ಲಿಂದ ಉಂಗುರದ ಬೆರಳನ್ನು ಮಾತ್ರ ಎತ್ತಿ 5ನೇ ತಂತಿಯ 3ನೇ ಫ್ರೆಟ್ಟಿಗೆ ಇಟ್ರೆ ಸಿ ಮೇಜರ್. ಉಳಿದ ಎರಡು ಬೆರಳು ಅಲ್ಲಾಡಬಾರದು.

ಮೊಬೈಲಿನಲ್ಲಿ ಒಂದು ನಿಮಿಷದ ಟೈಮರ್ ಹಾಕಿ, ಎ ಮೈನರ್‌ನಿಂದ ಸಿಗೆ, ಸಿಯಿಂದ ಎ ಮೈನರ್‌ಗೆ ಎಷ್ಟು ಸಲ ಹೋಗಿಬಂದ್ರಿ ಅಂತ ಎಣಿಸಿ ಬರೆದಿಡಿ. ವಾರದ ಕೊನೆಗೆ ಆ ಸಂಖ್ಯೆ ನೋಡಿದಾಗ ಸಿಗೋ ಧೈರ್ಯವನ್ನು ಇನ್ಯಾರೂ ಕೊಡಲಾರರು.

ಬೆರಳು ಲೋಹದ ಪಟ್ಟಿಗೆ ಅಂಟಿದ ಹಾಗೆ ಅದರ ಹಿಂದೆಯೇ ಇರಲಿ, ಆಗ ಕಡಿಮೆ ಒತ್ತಿದ್ರೆ ಸಾಕು. ಎಡಗೈ ಉಗುರು ಕತ್ತರಿಸಿರಿ. ಭಾನುವಾರ ಎರಡು ಗಂಟೆ ಕೂರೋದಕ್ಕಿಂತ ದಿನಾ ಹದಿನೈದು ನಿಮಿಷ ಮೇಲು. ಕೆಲವು ವಾರಗಳಲ್ಲಿ ಬೆರಳ ತುದಿ ಗಟ್ಟಿಯಾಗಿ ನೋವು ತಗ್ಗುತ್ತೆ. ತೋರುಬೆರಳಿನಿಂದ ಆರೂ ತಂತಿ ಅದುಮಬೇಕಾದ ಎಫ್ ಮೇಜರ್ ಸದ್ಯಕ್ಕೆ ಬೇಡ. ತುಂಬಾ ಜನ ಕೈಬಿಡೋದು ಅಲ್ಲೇ.

ಕಾರ್ಡ್ ಬದಲಿಸುವಾಗ ಎಡಗೈ ತಡವಾದ್ರೂ ಬಲಗೈ ನಿಲ್ಲಿಸಬೇಡಿ. ಒಂದು ತಂತಿ ಮಂಕಾದ್ರೆ ಕೇಳುವವರಿಗೆ ಗೊತ್ತಾಗದಿರಬಹುದು, ತಾಳ ಮುರಿದ್ರೆ ಪಕ್ಕದ ಮನೆಯವರಿಗೂ ಗೊತ್ತಾಗುತ್ತೆ!