ಮುದ್ದಿನ ನಾಯಿಯೂ ಕಾಡಿನ ಚಿತ್ರವೂ

ನಗರಕ್ಕೆ ಕಾಡು ಮರಳಿ ಬರಲೆಂಬ ಹಂಬಲವನ್ನು ಕೆಲವು ಕಲಾವಿದರು ಮನೆಯ ಸಾಕುಪ್ರಾಣಿಗಳ ಮೂಲಕವೇ ಚಿತ್ರಿಸುವುದುಂಟು: ಬೆಕ್ಕಿಗೆ ಹುಲಿಯ ಪಟ್ಟೆ, ನಾಯಿಯ ಬೆನ್ನ ಮೇಲೆ ಹುಲ್ಲುಗಾವಲು. ಈ ವಿನೋದವನ್ನು ನಾನು ಹಳಿಯಲಾರೆ. ನಮ್ಮ ಕಿಕ್ಕೇರಿಗೆ ದೂರವಲ್ಲದ ಹೊಸಹೊಳಲಿನಲ್ಲಿ, 13ನೆಯ ಶತಮಾನದ ಲಕ್ಷ್ಮೀನಾರಾಯಣ ದೇಗುಲದ ಗೋಡೆಯ ಬುಡದಲ್ಲಿ, ಆನೆ ಕುದುರೆಗಳ ಸಾಲುಗಳಿಗೂ ಮೇಲೆ ಮಕರಗಳ ಸಾಲೊಂದಿದೆ. ಮೊಸಳೆಯ ಬಾಯಿಗೆ ನವಿಲಿನಂಥ ಬಾಲ ಬೆಸೆದ ಆ ಶಿಲ್ಪಿ ಒಳಗೊಳಗೇ ನಕ್ಕಿರಬೇಕು! 2015ರಲ್ಲಿ ಬಾದಲ್ ನಂಜುಂಡಸ್ವಾಮಿಯವರು ಬೆಂಗಳೂರಿನ ರಸ್ತೆಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿಯನ್ನಿಟ್ಟಾಗ ಊರೇ ನಕ್ಕಿತು; ಗುಂಡಿಯೂ ಮುಚ್ಚಿತು.

ಆದರೆ ನಮ್ಮ ಸೀಮೆಯವರಿಗೆ ಕಾಡೆಂಬುದು ಬರಿಯ ಕಲ್ಪನೆಯಲ್ಲ. ಮಂಡ್ಯ ಜಿಲ್ಲೆಯ ಕಬ್ಬಿನ ಗದ್ದೆಗಳಲ್ಲಿ ಚಿರತೆ ಮರಿ ಹಾಕುತ್ತದೆ. ಇರುಳಿನಲ್ಲಿ ಊರಂಚಿಗೆ ಬಂದರೆ ಅದಕ್ಕೆ ಸುಲಭವಾಗಿ ಸಿಕ್ಕುವ ತುತ್ತು ಅಂಗಳದ ನಾಯಿ. ನಗರದ ಚಿತ್ರದಲ್ಲಿ ಕಾಡಿನ ದೂತನಾಗಿ ನಿಂತಿರುವುದೂ ಅದೇ ನಾಯಿ! ಈ ವೈರವನ್ನು ಮರೆಸಿದ ಚಿತ್ರ ಎಷ್ಟೇ ಮುದ್ದಾಗಿರಲಿ, ನನ್ನ ಮನಸ್ಸಿಗೆ ಒಪ್ಪದು. ಬೆಂಗಳೂರಿನ ಗೋಡೆಯ ಮೇಲೆ ಕಾಡನ್ನು ಕರೆಯುವಾತ, ಅದು ನಿಜವಾಗಿ ಬಂದಾಗ ಹಟ್ಟಿಯವನಿಗೆ ಆಗುವ ನಷ್ಟವನ್ನೂ ಬಣ್ಣದಲ್ಲಿ ಕಾಣಿಸಬೇಡವೆ?

ಉಪಾಧ್ಯಾಯರು ಇದೇ ವಿಷಯವನ್ನು ಈ ಕಡೆಯ ಮಕ್ಕಳಿಗೆ ಕೊಟ್ಟು ನೋಡಲಿ. ಅವರು ನಾಯಿಯನ್ನು ಅಗುಳಿ ಹಾಕಿದ ಬಾಗಿಲಿನ ಒಳಗೇ ಬರೆದಾರು.